ಹಾಲೋ, ಹಾಳೋ: ಒಂದಿಂಚಿನ ನಕ್ಷೆ ಹೇಳಿದ್ದು

ಮನುಷ್ಯ ಬಂದು ಹೋಗುತ್ತಾನೆ, ಭೂಮಿ ಮಾತ್ರ ಇದ್ದಲ್ಲೇ ಇರುತ್ತದೆ. ಇದು ಗಂಭೀರವಾದ ಮಾತು. ಮೋಜಣಿ ಕೆಲಸದಲ್ಲಿ ತಲೆ ನರೆಸಿಕೊಂಡ ನಾನು ಮಾತ್ರ ಇದನ್ನು ಒಪ್ಪಲಾರೆ. ನಾನು ಕಂಡಂತೆ ಭೂಮಿ ಪ್ರತಿ ಮುಂಗಾರಿನಲ್ಲಿ ಒಂದು ಗೇಣು ಸರಿಯುತ್ತದೆ. ಸರಿಯುವುದು ಯಾವಾಗಲೂ ಪಕ್ಕದವನ ಹೊಲದೊಳಕ್ಕೆ. ಸರಿದದ್ದು ಹೇಗೆಂದು ಕೇಳಿದರೆ ಇಬ್ಬರೂ ದೇವರ ಕಡೆ ಕೈ ತೋರಿಸುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ನಾನು ಸರ್ವೇಯರನಾಗಿ ಸರಪಳಿ ಎಳೆಸಿದ್ದೇನೆ. ಬಡ್ತಿಯ ಕತೆಯನ್ನು ಇಲ್ಲಿ ಬರೆಯುವುದಿಲ್ಲ. ಬಡ್ತಿ ಬಂದಾಗ ನನ್ನ ಕುರ್ಚಿಗೆ ಕೈಗಳು ಬಂದವು, ಉಳಿದಂತೆ ಲೋಕದ ವ್ಯವಹಾರ ಮೊದಲಿನ ಹಾಗೆಯೇ ನಡೆಯಿತು. ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಉಪಗ್ರಹ ತೆಗೆದ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹೊಲದಲ್ಲಿ ಮಲಗಿದ ಎತ್ತನ್ನೂ ನೋಡುತ್ತಾರೆ. ಸಂತೋಷ. ಆದರೆ ಎತ್ತು ಎಲ್ಲಿ ನೀರು ಕುಡಿಯುತ್ತದೆ ಎಂಬುದನ್ನು ಉಪಗ್ರಹ ಹೇಳುವುದಿಲ್ಲ. ಅದನ್ನು ಹೇಳುತ್ತಿದ್ದದ್ದು ನಮ್ಮ ಹಳೆಯ ಒಂದಿಂಚಿನ ನಕ್ಷೆ.

ಒಂದಿಂಚಿನದು ಎಂದರೆ ನೆಲದ ಮೇಲಿನ ಒಂದು ಮೈಲಿ ಕಾಗದದ ಮೇಲೆ ಒಂದು ಇಂಚು. ಏರುತಗ್ಗುಗಳಿಗೆ ಕಂದು ಗೆರೆ, ಮನೆಗಳಿಗೆ ಕೆಂಪು ಚೌಕ, ನೀರಿಗೆ ನೀಲಿ, ಹೆಸರುಗಳಿಗೆ ಕಪ್ಪು. ಇಂಗ್ಲಿಷರ ಕಾಲದಲ್ಲಿ ಮೂರು ಕಾಲಿನ ಮೇಲೆ ಒಂದು ಹಲಗೆ ಇಟ್ಟುಕೊಂಡು, ನಮ್ಮ ಎರೆನೆಲದ ಬಿಸಿಲಿನಲ್ಲಿ ಊರೂರು ನಡೆದವರು ಅದನ್ನು ಬರೆದರು. ಅವರ ಹೆಸರು ನಕ್ಷೆಯ ಮೇಲಿಲ್ಲ. ಮೂಲೆಯಲ್ಲಿ ಅಧಿಕಾರಿಯ ಹೆಸರಿದೆ, ಅವನು ಡೇರೆಯಲ್ಲಿದ್ದ. ಬಿಸಿಲಿನಲ್ಲಿದ್ದವರು ಹಾಳುಗುಡಿಯನ್ನೂ ಒಂಟಿ ಬಾವಿಯನ್ನೂ ಬಿಡದೆ ಗುರುತಿಸಿದರು. ನಮ್ಮ ಬಯಲಿನಲ್ಲಿ ಮರವೆಂಬುದು ಅಪರೂಪ, ಆದ್ದರಿಂದ ಒಂದು ಮರ ಕಂಡರೆ ಅದಕ್ಕೂ ಒಂದು ಚಿಹ್ನೆಯ ಮರ್ಯಾದೆ ಕೊಟ್ಟರು.

ಇಂಡಿ ತಾಲೂಕಿನಲ್ಲಿ ಅಂಥದೊಂದು ಮರವನ್ನು ಹುಡುಕಿಕೊಂಡು ಹೋಗಿದ್ದೆ, ಅಳತೆಗೆ ಒಂದು ಗುರುತು ಬೇಕಾಗಿತ್ತು. ನಕ್ಷೆ ತೋರಿಸಿದ ಜಾಗದಲ್ಲಿ ಜೋಳವಿತ್ತು, ಮರವಿರಲಿಲ್ಲ. ಹೊಲದ ಮಾಲೀಕನನ್ನು ಕೇಳಿದೆ.

"ಇಲ್ಲಿ ಒಂದು ಬೇವಿನ ಮರ ಇತ್ತಲ್ರಿ, ಏನಾತು?"

ಅವನು ಬೆವರಿದ. "ನಮ್ಮ ಮುತ್ತ್ಯಾ ಕಡದಾನ್ರಿ. ಅಂವಾ ತೀರಿ ಜಮಾನಾ ಆತು. ಸರಕಾರ ಈಗ ಕೇಳಾಕ ಬಂದೈತೇನ್ರಿ?"

ಸರಕಾರ ತಡವಾಗಿಯಾದರೂ ಎಲ್ಲವನ್ನೂ ಕೇಳುತ್ತದೆ ಎಂಬ ಅವನ ನಂಬಿಕೆಯನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಮರದ ಬೇರು ಇನ್ನೂ ಬದುವಿನಲ್ಲಿತ್ತು. ನಕ್ಷೆ ಒಂದು ಮಾರೂ ತಪ್ಪಿರಲಿಲ್ಲ.

ಗೆರೆಗಳ ಮಾತು ಹೀಗೆ. ಹೆಸರುಗಳ ಮಾತು ಬೇರೆ. ಸಿಂದಗಿ ತಾಲೂಕಿನ ಕನ್ನೊಳ್ಳಿಯ ಆಚೆ ಒಂದು ಸಣ್ಣ ದಿಬ್ಬದ ಮೇಲೆ ಇಂಗ್ಲಿಷಿನಲ್ಲಿ 'ಯಾವದ್ರಿ' ಎಂದು ಬರೆದಿತ್ತು. ಸಹ್ಯಾದ್ರಿ, ಹೇಮಾದ್ರಿಗಳ ಸಾಲಿಗೆ ಸೇರುವ ಗಂಭೀರ ನಾಮಧೇಯ. ನಾನು ಅಲ್ಲಿಗೆ ಹೋಗಿ, ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯನನ್ನು "ಅಜ್ಜಾರ, ಯಾವದ್ರಿ ಗುಡ್ಡ ಯಾವುದು?" ಎಂದು ಕೇಳಿದೆ.

"ಯಾವುದ್ರಿ?"

"ಅದ, ಯಾವದ್ರಿ."

"ಅದನ್ನ ಕೇಳಾಕತ್ತೇನಿ. ಯಾವುದ್ರಿ?"

ಬಹಳ ಹಿಂದೆ ಮತ್ತೊಬ್ಬ ಸರ್ವೇಯರ ಇದೇ ದಿಬ್ಬಕ್ಕೆ ಕೈ ಮಾಡಿ ಹೆಸರು ಕೇಳಿದಾಗ ಮತ್ತೊಬ್ಬ ಅಜ್ಜ ಕೊಟ್ಟ ಉತ್ತರವನ್ನು ಅವನು ಶ್ರದ್ಧೆಯಿಂದ ಬರೆದುಕೊಂಡಿದ್ದ. ಅಂದಿನಿಂದ ನಾನು ಕಿರಿಯರಿಗೆ ಹೇಳುತ್ತ ಬಂದದ್ದು ಇಷ್ಟು: ಹಳೆಯ ನಕ್ಷೆಯಲ್ಲಿ ಗೆರೆ ಕಣ್ಣಿನಿಂದ ಬಂದದ್ದು, ಹೆಸರು ಕಿವಿಯಿಂದ ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ತೊಂಬತ್ತರ ದಶಕದಲ್ಲಿ ಕೃಷ್ಣೆಯ ಹಿನ್ನೀರು ಏರುವ ಕಾಲ ಬಂತು. ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಹೊಳೆದಂಡೆಯ ಊರುಗಳು ಎದ್ದು ಬೇರೆ ಕಡೆ ಕೂಡಬೇಕಾಯಿತು. ಅವುಗಳಲ್ಲಿ ಒಂದನ್ನು ಹೊಳೆಮಟ್ಟಿ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇಡ, ಆ ಊರಿನ ಅರ್ಧ ಮಂದಿಯ ಹತ್ತಿರ ನನ್ನ ಫೋನ್ ನಂಬರಿದೆ.

ಹೊಸ ಜಾಗ ಆರಿಸುವ ಹೊಣೆ ನಮ್ಮ ಕಚೇರಿಯ ಎಂಜಿನಿಯರ್ ಶ್ರೀಕಂಠಯ್ಯ ಸಾಹೇಬರ ಮೇಲೆ ಬಿತ್ತು. ಅವರು ಮೈಸೂರು ಕಡೆಯವರು. ನಮ್ಮ ಮಾತು ಅವರಿಗೆ ಜಗಳದಂತೆ ಕೇಳುತ್ತಿತ್ತು, ಅವರ ಮಾತು ನಮಗೆ ಜ್ವರದಿಂದ ಎದ್ದವರ ಮಾತಿನಂತೆ ಕೇಳುತ್ತಿತ್ತು. ಹೆಡ್ ಕ್ಲಾರ್ಕ್ ಅಣ್ಣಾರಾಯರು "ಚಾ ಕುಡೀತೀರೇನ್ರಿ?" ಎಂದು ಕೇಳಿದರೆ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು, ತಮ್ಮಿಂದೇನು ತಪ್ಪಾಯಿತೆಂದು ಯೋಚಿಸುತ್ತಿದ್ದರು. ಆದರೆ ಕೆಲಸದಲ್ಲಿ ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ. ಜೀಪು ಹೋಗದ ಕಡೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಎರೆಮಣ್ಣಿನಲ್ಲಿ ನಡೆಯುತ್ತಿದ್ದರು.

ಆಗಷ್ಟೇ ಕಚೇರಿಗೆ ಜೆರಾಕ್ಸ್ ಯಂತ್ರ ಬಂದಿತ್ತು. ಅದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಮುಂದೆ ಸಿಕ್ಕಿದ್ದೆಲ್ಲದರ ಪ್ರತಿ ತೆಗೆದದ್ದಾಯಿತು. ಸಾಹೇಬರು ಹಳೆಯ ನಕ್ಷೆಯನ್ನು ತುಂಡು ತುಂಡಾಗಿ ಜೆರಾಕ್ಸ್ ಮಾಡಿಸಿ, ಟೇಪಿನಿಂದ ಜೋಡಿಸಿ, ಅದರ ಮೇಲೆ ಜಾಗ ಹುಡುಕಿದರು. ನಾಲತವಾಡಕ್ಕೆ ಹೋಗುವ ರಸ್ತೆಗೆ ಹತ್ತಿರ ಒಂದು ಎತ್ತರದ ಸಮತಟ್ಟು ಸಿಕ್ಕಿತು. ಅಲ್ಲೊಂದು ಬಾವಿ. ಅದರ ಮೇಲೆ ಓರೆಯಾದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು. ಸಾಹೇಬರು ಅದನ್ನು ಹಾಲಗೇರಿ ಎಂದು ಓದಿದರು.

"ನೋಡಿ, ಹೆಸರೇ ಹೇಳುತ್ತಲ್ಲ ರೀ! ಹಿಂದೆ ಇಲ್ಲಿ ಹಾಲು ಹೊಳೆಯಾಗಿ ಹರೀತಿತ್ತು ಅಂತ."

ಕಡತದಲ್ಲಿ ಅವರ ಟಿಪ್ಪಣಿ ಹೀಗಿತ್ತು: 'ಸದರಿ ಸ್ಥಳವು ಪುರಾತನ ಕಾಲದಿಂದಲೂ ಹೈನುಗಾರಿಕೆಗೆ ಹೆಸರಾದುದೆಂದು ಸ್ಥಳನಾಮದಿಂದ ವಿದಿತವಾಗುತ್ತದೆ.' ಇದನ್ನು ಓದಿದ ಅಣ್ಣಾರಾಯರು ಮನೆಯಲ್ಲಿ ಒಂದು ಎಮ್ಮೆ ಕಟ್ಟುವ ವಿಚಾರವನ್ನೂ ಮಾಡಿದರು.

ಸಾಹೇಬರು ಎಚ್ಚರ ತಪ್ಪಿದವರಲ್ಲ. ತಾವೇ ಅಲ್ಲಿಗೆ ಹೋಗಿ, ಹತ್ತಿರದ ಹೊಲದವರನ್ನು ಬಾವಿಯಲ್ಲಿ ನೀರಿರುತ್ತದೆಯೇ ಎಂದು ಕೇಳಿದರು. "ಇರ್ತೈತ್ರಿ. ಎಂಥಾ ಬ್ಯಾಸಿಗ್ಯಾಗೂ ಎಂದೂ ಬತ್ತಿಲ್ರಿ," ಎಂದರು ಅವರು. ನಮ್ಮ ಕಡೆ ಸರಕಾರ ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ವಾಡಿಕೆ. ಕೇಳದ್ದನ್ನು ಹೇಳಿ ಸಾಕ್ಷಿಗೆ ತಿರುಗುವ ಉಸಾಬರಿ ಯಾರಿಗೆ ಬೇಕು? ಮಳೆ ಮುಗಿದ ಹೊಸದರಲ್ಲಿ ಬಾಟಲಿ ತುಂಬಿ ಕಳಿಸಿದ ನೀರು ಪರೀಕ್ಷೆಯಲ್ಲಿ ಪಾಸಾಗಿ ಬಂತು.

ಆಮೇಲೆ ಹೊಳೆಮಟ್ಟಿಯ ಗುಡಿಯ ಕಟ್ಟೆಯ ಮೇಲೆ ಸಭೆ. ಊರಿನ ಪರವಾಗಿ ಮಾತಾಡಿದವರು ಸಂಗನಗೌಡರು. ದೊಡ್ಡ ಒಕ್ಕಲುತನ, ತಲೆಗೆ ಸುತ್ತಿದ ದೊಡ್ಡ ಪಟಗ, ಅದಕ್ಕೆ ತಕ್ಕ ದನಿ.

"ಜಾಗ ಅಂದ್ರ ಜಾಗ, ಸಾಹೇಬ್ರ! ತಾಟಿನ್ಹಂಗ ಐತಿ. ಬಾಜೂಕ ರೋಡ್ ಐತಿ, ಬಸ್ಸು ಮನೀ ಮುಂದ ನಿಲ್ತೈತಿ. ಇನ್ನೇನ ಬೇಕು?"

ಹೆಣ್ಣುಮಕ್ಕಳ ಗುಂಪಿನಿಂದ ಒಬ್ಬ ಹಿರಿಯಳು ಎದ್ದು ನಿಂತಳು. ಶಾಂತವ್ವ, ಗೌಡರ ಅಣ್ಣನ ಹೆಂಡತಿ.

"ನೀರ ಹ್ಯಾಂಗೈತ್ರಿ?"

"ಪರೀಕ್ಷೆ ಮಾಡಿಸಿದೀವಿ ತಾಯಿ, ಪಾಸಾಗಿದೆ," ಎಂದರು ಸಾಹೇಬರು.

"ಪಾಸ್ ಆಗೂದು ಬಿಡ್ರಿ, ನಮ್ಮ ಮೈದುನನೂ ಮೆಟ್ರಿಕ್ ಪಾಸ್ ಆಗ್ಯಾನ. ಬ್ಯಾಳಿ ಬೇಯ್ತಾವೇನು, ಅದನ್ನ ಹೇಳ್ರಿ."

ಜನ ನಕ್ಕರು. ಗೌಡರು ಪಟಗ ಸರಿ ಮಾಡಿಕೊಂಡು, "ವೈನಿ, ದೊಡ್ಡ ಮಂದಿ ಮಾತಾಡಾಕತ್ತಾಗ ಅಡಗಿಮನಿ ಸುದ್ದಿ ಯಾಕ ತರ್ತೀರಿ?" ಎಂದರು.

"ದೊಡ್ಡ ಮಂದಿ ಉಣ್ಣೂದಿಲ್ಲೇನಪಾ ಸಂಗಪ್ಪಾ? ನಾವು ಹೊಳೀ ನೀರ ಕುಡದ ಮಂದಿ. ಅದನ್ನೊಂದು ಬಿಟ್ಟು ಬಾ ಅಂದ್ರ ಬರ್ತೇವಿ. ಹೋದಲ್ಲೆ ಮೊಮ್ಮಕ್ಕಳ ಕಾಲಕ್ಕೂ ಕುಡಿಯೂ ನೀರ ಅದು. ಕೇಳಬಾರದೇನು?"

ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಡೋಣಿ ಹೊಳೆಯ ದಂಡೆಯಿಂದ ಹಿಡಿದು ಎಷ್ಟೋ ಕಡೆ ನೀರು ಸವಳು, ಉಪ್ಪುಪ್ಪು. ಸವಳು ನೀರಿನಲ್ಲಿ ತೊಗರಿಬೇಳೆ ಕುದಿಯುತ್ತದೆ, ಕುಣಿಯುತ್ತದೆ, ಒಡೆಯುವುದಿಲ್ಲ. ಹೆಣ್ಣು ಕೊಡುವ ಮುಂಚೆ ಬೀಗರ ಊರಿನಲ್ಲಿ ಬೇಳೆ ಬೇಯುತ್ತದೆಯೇ ಎಂದು ವಿಚಾರಿಸುತ್ತಾರೆ. ಸಾಹೇಬರಿಗೆ ಇದು ತಿಳಿಯಲಿಲ್ಲ. ಅವರು ಗಂಭೀರವಾಗಿ ತಲೆಯಾಡಿಸಿ, 'ಬೇಳೆ: ಪಡಿತರ ಅಂಗಡಿಯ ಬೇಡಿಕೆ' ಎಂದು ಗುರುತು ಹಾಕಿಕೊಂಡರು.

ನಾನು ಆ ಸಭೆಯಲ್ಲಿರಲಿಲ್ಲ, ಬೇರೆ ಕೆಲಸದ ಮೇಲೆ ಇಂಡಿಯಲ್ಲಿದ್ದೆ. ಅಲ್ಲಿ ಆದದ್ದನ್ನೆಲ್ಲ ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು, ಗೌಡರು ವೈನಿಯ ಮಾತನ್ನು ಕಡಿಮೆ ಮಾಡಿ, ವೈನಿ ಗೌಡರ ಮಾತನ್ನು ಪೂರ್ತಿ ಬಿಟ್ಟು. ನಾನು ಮರಳಿ ಬರುವ ಹೊತ್ತಿಗೆ ಹೊಸ ಜಾಗದಲ್ಲಿ ನಿವೇಶನದ ಕಲ್ಲು ಹುಗಿಯುವ ಕೆಲಸ ಶುರುವಾಗಿತ್ತು. ಮುಂದೆ ಹಕ್ಕುಪತ್ರ ಹಂಚುವ ಸಮಾರಂಭ. ಅದೊಂದು ಆಯಿತೆಂದರೆ ಊರನ್ನು ಅಲ್ಲಿಂದ ಎಬ್ಬಿಸುವುದು ಯಾರ ಕೈಯಲ್ಲೂ ಇರುವುದಿಲ್ಲ. ಬೀದಿಗಳ ನಕ್ಷೆ ಬರೆಯಲು ನನಗೆ ಸಾಹೇಬರ ಜೆರಾಕ್ಸ್ ಪ್ರತಿಯನ್ನು ಕೊಟ್ಟರು.

ಅದನ್ನು ನೋಡುತ್ತ ಕೂತಾಗ ಒಂದು ವಿಚಿತ್ರ ಕಂಡಿತು. ಸುತ್ತಲಿನ ಮೂರು ಹಳ್ಳಿಗಳಿಂದ ಹೊರಟ ಕಾಲುದಾರಿಗಳು, ಚುಕ್ಕೆಗೆರೆಯ ದಾರಿಗಳು, ಹಾಲಗೇರಿಯ ಹತ್ತಿರ ಬಂದು, ಅದರ ಬಾವಿಯನ್ನು ಮುಟ್ಟದೆ, ಮಗ್ಗುಲಿಗೆ ಹೊರಳಿ, ಆಚೆಯ ಒಂದು ದಿನ್ನೆಯ ಬುಡದಲ್ಲಿ ಕೂಡುತ್ತಿದ್ದವು. ಆ ದಿನ್ನೆಯ ಬುಡದಲ್ಲಿ ಊರಿಲ್ಲ, ಗುಡಿಯಿಲ್ಲ, ಖಾಲಿ ಕಾಗದ. ಖಾಲಿ ಜಾಗಕ್ಕೆ ಮೂರು ಊರಿನ ಜನ ದಿನಾ ಯಾಕೆ ನಡೆಯುತ್ತಾರೆ? ಹಾಲಿನ ಊರಿಗೆ ಯಾಕೆ ಒಬ್ಬರೂ ಹೋಗುವುದಿಲ್ಲ?

ಮೂಲ ನಕ್ಷೆ ನೋಡಬೇಕೆನಿಸಿತು. ಅದು ಅಣ್ಣಾರಾಯರ ಕುರ್ಚಿಯ ಹಿಂದೆ ಗೋಡೆಯ ಮೇಲಿತ್ತು. ಅವರ ತಲೆಯೆಣ್ಣೆ ಸುಣ್ಣಕ್ಕೆ ತಾಗದಿರಲೆಂದು ಯಾರೋ ಅಂಟಿಸಿದ್ದರು. ಜೆರಾಕ್ಸಿಗಾಗಿ ಒಮ್ಮೆ ಇಳಿಸಿದವರು ಮತ್ತೆ ಶಿಸ್ತಿನಿಂದ ಅದೇ ಹುದ್ದೆಗೆ ಹಾಕಿದ್ದರು.

"ರಾಯರ, ಜರಾ ಏಳ್ರಿ," ಎಂದೆ.

"ಯಾಕೋ? ಟ್ರಾನ್ಸ್‌ಫರ್ ಆರ್ಡರ್ ಬಂತೇನು?"

"ಇಲ್ರಿ. ನಿಮ್ಮ ತಲೀ ಹಿಂದ ಒಂದು ಊರು ಐತಿ."

"ನನ್ನ ತಲೀ ಹಿಂದ ಊರಿಗೂರೇ ಬಿದ್ದೈತಿ, ನೀ ಒಂದು ಊರಂತೀಯಲ್ಲಾ," ಎನ್ನುತ್ತ ಅವರು ಎದ್ದರು.

ಎಣ್ಣೆಯ ಜಿಡ್ಡು ಎರಡು ಹಳ್ಳಿಗಳನ್ನು ಆವರಿಸಿತ್ತು. ಪುಣ್ಯಕ್ಕೆ ನಮ್ಮ ಜಾಗ ಅದರ ಹೊರಗಿತ್ತು. ಮೊದಲು ಕಂಡದ್ದು ದಿನ್ನೆಯ ಬುಡದಲ್ಲಿ, ಮೂರು ದಾರಿ ಕೂಡುವಲ್ಲಿ, ಒಂದು ಪುಟ್ಟ ನೀಲಿ ಉಂಗುರ. ಬಾವಿ! ಜೆರಾಕ್ಸಿನಲ್ಲಿ ಅದಿರಲಿಲ್ಲ. ಆಗ ಹೊಳೆಯಿತು: ಆ ಕಾಲದ ಜೆರಾಕ್ಸ್ ಯಂತ್ರಕ್ಕೆ ತಿಳಿನೀಲಿ ಬಣ್ಣ ಕಾಣುವುದಿಲ್ಲ. ಊರನ್ನು ಉಳಿಸುತ್ತದೆ, ದಾರಿಯನ್ನು ಉಳಿಸುತ್ತದೆ, ಹಳ್ಳ ಬಾವಿಗಳ ನೀರನ್ನು ಮಾತ್ರ ಕುಡಿದುಬಿಡುತ್ತದೆ. ನಮ್ಮ ಜಿಲ್ಲೆಗೆ ಅಂಥದೊಂದು ಯಂತ್ರದ ಅವಶ್ಯಕತೆ ಇರಲಿಲ್ಲ.

ಹಾಲಗೇರಿಯ ಬಾವಿಯನ್ನು, ಜನ ಬಳಸದ್ದೆಂದು, ಕಪ್ಪು ಶಾಯಿಯಲ್ಲಿ ಬರೆದಿದ್ದರು, ಅದಕ್ಕೇ ಜೆರಾಕ್ಸಿನಲ್ಲಿ ಉಳಿದಿತ್ತು. ಅದರ ಪಕ್ಕದಲ್ಲಿ ನೀಲಿಯ ನಾಲ್ಕು ಇರುವೆಯಂಥ ಇಂಗ್ಲಿಷ್ ಅಕ್ಷರಗಳು: ಉಪ್ಪು ಎಂದು. ಹೆಸರಿನ ಕೆಳಗೆ ಮನೆಗಳ ಕೆಂಪು ಚೌಕಗಳಿರಲಿಲ್ಲ. ತುಂಡುಗೆರೆಯ ಖಾಲಿ ಚೌಕಗಳಿದ್ದವು, ಜೆರಾಕ್ಸಿನ ಕಪ್ಪಿನಲ್ಲಿ ಅವೂ ಮನೆಗಳಂತೆಯೇ ಕಂಡಿದ್ದವು. ಜನ ಬಿಟ್ಟು ಹೋದ ಊರಿಗೆ ಹಾಕುವ ಗುರುತು ಅದು.

ಆ ಹಲಗೆ ಹೊತ್ತ ಮನುಷ್ಯ ಎಷ್ಟು ಬಾಯಾರಿದ್ದನೋ, ಹಾಳುಬಾವಿಗೆ ಇಳಿದು ನೀರನ್ನು ಬಾಯಿಗೆ ಹಾಕಿಕೊಂಡು, ಉಗುಳಿ, ಮುಂದೆ ಬರುವವರಿಗೆಂದು ಒಂದು ಮಾತು ಬರೆದಿಟ್ಟಿದ್ದಾನೆ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಾರರು. ಇನ್ನು ಆ ದಾರಿಗಳು? ಅವನ್ನು ಮೊದಲು ಬರೆದವನು ಅವನಲ್ಲ. ಕೊಡ ಹೊತ್ತು ನಡೆದ ಹೆಣ್ಣುಮಕ್ಕಳು ನೆಲದ ಮೇಲೆ ಬರೆದದ್ದನ್ನು ಅವನು ಕಾಗದದ ಮೇಲೆ ನಕಲು ಮಾಡಿದ್ದ.

ಮೇಲಧಿಕಾರಿಗೆ ತಪ್ಪು ತೋರಿಸುವುದಕ್ಕೆ ನಮ್ಮ ಕಾಲದಲ್ಲಿ ಒಂದು ಶಾಸ್ತ್ರವಿತ್ತು. ತಪ್ಪು ಎಂಬ ಪದವನ್ನು ಬಳಸಬಾರದು. ಬಾಗಿಲಲ್ಲಿ ನಿಂತು, "ಸರ್, ನನಗೊಂದು ಸಂದೇಹ," ಎನ್ನಬೇಕು. ನಾನು ಹಾಗೇ ಅಂದೆ. ಸಾಹೇಬರು ಎದ್ದು ಬಂದು, ಅಣ್ಣಾರಾಯರ ಕುರ್ಚಿಯ ಮೇಲೆ ಮೊಣಕಾಲೂರಿ, ಗೋಡೆಗೆ ಮೂಗು ಹಚ್ಚಿ ಓದಿದರು.

"ಆ ಕಾಲದಲ್ಲೂ ಇಲ್ಲಿ ಊರೇ ಇಲ್ವಲ್ಲ ರೀ. ಹಾಲಗೇರಿ ಅಂತ ಇದೆಯಲ್ಲ?"

"ಇಂಗ್ಲಿಷಿನಲ್ಲಿ ಳ ಇಲ್ಲ ಸರ್."

"ಅಂದ್ರೆ?"

"ಹಾಳಗೇರಿ ಇರಬಹುದು, ಸರ್. ಊರು ಹಾಳಾಗಿದ್ದಕ್ಕೆ."

ಅಣ್ಣಾರಾಯರು ಬಾಯಿ ಹಾಕಿದರು: "ಒಂದು ಅಕ್ಷರದಾಗ ಎಮ್ಮಿ ಎಲ್ಲಾ ಓಡಿ ಹೋದವಲ್ರಿ, ಸಾಹೇಬ್ರ!"

ಸಾಹೇಬರ ಮುಖ ಕೆಂಪಾಯಿತು. ನಾನು ಬೈಗುಳಕ್ಕೆ ಸಿದ್ಧನಾದೆ. ಅವರು ನಿಧಾನವಾಗಿ ಹೇಳಿದರು: "ಅಲ್ಲಿ ಹೊಲದವರು ಹಾಳಗೇರಿ ಅಂತಾನೇ ಅಂದ್ರು ರೀ. ನಾನೇ, ನಿಮ್ಮ ಕಡೆಯವರು ಲ ಅನ್ನೋದನ್ನ ಸ್ವಲ್ಪ ಒರಟಾಗಿ ಹೇಳ್ತಾರೆ ಅಂದ್ಕೊಂಡೆ." ಆಮೇಲೆ ನಕ್ಷೆಯ ಅಂಚಿನಲ್ಲಿ ಮೋಜಣಿ ನಡೆದ ಋತುವನ್ನು ತಾವೇ ಹುಡುಕಿದರು. "ಇವರು ಅಳೆದದ್ದು ಬೇಸಿಗೆಯಲ್ಲಿ. ನಾವು ಬಾಟಲಿ ತುಂಬಿದ್ದು ಮಳೆ ನಿಂತ ಮೇಲೆ. ಮೇಲಿನ ಮಳೆನೀರನ್ನ ಪರೀಕ್ಷೆ ಮಾಡಿಸಿದೀವಿ. ಬತ್ತಲ್ಲ ಅಂದ್ರಲ್ಲ, ಸರಿ, ಯಾರೂ ಸೇದದೆ ಇದ್ರೆ ಯಾಕೆ ಬತ್ತುತ್ತೆ?" ಕುರ್ಚಿಯಿಂದ ಇಳಿದು ಕೇಳಿದರು: "ಆ ಯಮ್ಮ ಬೇಳೆ ಅಂತ ಏನೋ ಕೇಳಿದ್ರು. ಏನದು?"

ನಾನು ವಿವರಿಸಿದೆ. ಅವರು ತಮ್ಮ ಡೈರಿ ತೆಗೆದು ಪಡಿತರ ಅಂಗಡಿಯನ್ನು ಹೊಡೆದು ಹಾಕಿದರು.

"ಹಾಗಾದ್ರೆ ಬೇಯಿಸಿಯೇ ನೋಡೋಣ."

ಡೀಸೆಲ್ ಪಂಪು ಹಚ್ಚಿ ಹಾಳಗೇರಿಯ ಬಾವಿಯ ಮೇಲುನೀರನ್ನೆಲ್ಲ ಹೊರಗೆ ಹಾಕಿಸಿದೆವು. ಮರುದಿನ ತಳದಲ್ಲಿ ಹೊಸ ಒರತೆ ನಿಂತಿತ್ತು. ಶಾಂತವ್ವ ಒಂದು ಗಂಟು ಬೇಳೆ, ಎರಡು ಪಾತ್ರೆ ತಂದಳು. ಒಂದರಲ್ಲಿ ಹಾಳಗೇರಿಯ ನೀರು, ಇನ್ನೊಂದರಲ್ಲಿ ದಿನ್ನೆಯ ಬಾವಿಯಿಂದ ತರಿಸಿದ ನೀರು. ಮೂರು ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದರು. ಅರ್ಧ ಊರು ಸುತ್ತ ಕೂತಿತ್ತು. ಸರಕಾರಿ ಪರೀಕ್ಷೆಯೊಂದನ್ನು ಜನ ಅಷ್ಟು ಶ್ರದ್ಧೆಯಿಂದ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೌಡರು ರಸ್ತೆಯ ಜಾಗವನ್ನು ಬಿಡಲು ಇನ್ನೂ ಸಿದ್ಧರಿರಲಿಲ್ಲ. ಪಟಗ ಬಿಚ್ಚಿಟ್ಟು, ಹಾಳಗೇರಿಯ ಒಲೆಗೆ ತಾವೇ ಹತ್ತಿಕಟ್ಟಿಗೆ ತುರುಕತೊಡಗಿದರು.

"ಸಂಗಪ್ಪಾ, ಉರಿ ಎರಡಕ್ಕೂ ಸಮಾ ಇರಬೇಕು," ಎಂದಳು ಶಾಂತವ್ವ.

"ಬೇಯ್ತಾವ ವೈನಿ, ಜರಾ ತಡೀರಿ. ಹೊಸಾ ನೀರು, ಇನ್ನೂ ನಾಚಾಕತ್ತೈತಿ."

ದಿನ್ನೆಯ ನೀರಿನ ಬೇಳೆ ಕರಗಿ ಹದಕ್ಕೆ ಬಂತು. ಹಾಳಗೇರಿಯದು ಕುದಿದು, ನೊರೆ ಉಕ್ಕಿ, ಗೌಡರ ಮುಖಕ್ಕೆ ಮಸಿ ಹಿಡಿಯುವವರೆಗೆ ಕುಣಿದು, ಮೊದಲಿದ್ದ ಹಾಗೆಯೇ ಇತ್ತು. ಸಾಹೇಬರು ಎರಡನ್ನೂ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡರು. ಎರಡನೆಯದನ್ನು ಅಗಿಯುವ ಸದ್ದು ನಮಗೂ ಕೇಳಿಸಿತು.

"ನಮ್ಮ ಮಂದಿಗೆ ಹಕ್ಕುಪತ್ರದ ಜೋಡಿ ಸರಕಾರ ಹಲ್ಲೂ ಕೊಡ್ತೈತೇನ್ರಿ, ಸಾಹೇಬ್ರ?" ಎಂದಳು ಶಾಂತವ್ವ.

ಜನ ನಗಲಿಲ್ಲ. ಎಲ್ಲರೂ ಗೌಡರ ಕಡೆ ನೋಡಿದರು. ಅವರು ಒಂದು ಕಾಳು ತೆಗೆದು ಬೆರಳಿನಲ್ಲಿ ಒತ್ತಿದರು, ಮತ್ತೊಂದು ತೆಗೆದು ಒತ್ತಿದರು. ಮಸಿಯನ್ನು ಒರೆಸಿಕೊಂಡು ಎದ್ದರು.

"ರೋಡ್ ಏನ್ ಕುಡಿಯಾಕ ಬರ್ತೈತೇನ್ರಿ? ಬಸ್ಸಿಗೆ ನಡಕೋತ ಹೋದರಾತು. ದಿನ್ನೀ ಕಡೆಗೇ ಹಾಕ್ರಿ ಊರ." ಆಮೇಲೆ ದನಿ ತಗ್ಗಿಸಿ, "ವೈನಿ, ಬೆಂದದ್ದರಾಗ ಒಂದೀಟು ಉಪ್ಪು ಖಾರ ಹಾಕ್ರಿ. ಹಸಿವಿ ಆಗೈತಿ," ಎಂದರು.

ಮಾತು ಅಲ್ಲಿಗೆ ಮುಗಿಯಲಿಲ್ಲ, ಯಾಕೆಂದರೆ ಹುಗಿದ ಕಲ್ಲುಗಳಿದ್ದವು, ಗೊತ್ತಾದ ಸಮಾರಂಭವಿತ್ತು, ಮೇಲಿನ ಕಚೇರಿಯಿತ್ತು. ಇಂಥ ಸಂದರ್ಭದಲ್ಲಿ ಬಹಳ ಅಧಿಕಾರಿಗಳು 'ತಾಂತ್ರಿಕ ಕಾರಣಗಳಿಂದ' ಎಂದು ಬರೆದು ಅದರ ಹಿಂದೆ ಅಡಗುತ್ತಾರೆ. ಶ್ರೀಕಂಠಯ್ಯನವರು ತಮ್ಮ ಕೈಯಾರೆ ಬರೆದದ್ದು ಇದು: 'ಸ್ಥಳನಾಮವನ್ನು ನಾನು ತಪ್ಪಾಗಿ ಓದಿರುತ್ತೇನೆ. ಅಲ್ಲಿ ಹಾಲು ಇರಲಿಲ್ಲ.' ನನ್ನ ಇಡೀ ನೌಕರಿಯಲ್ಲಿ ಕಚೇರಿಯ ಕನ್ನಡದಲ್ಲಿ ಓದಿದ ಅತ್ಯುತ್ತಮ ವಾಕ್ಯ ಅದೇ. ಬೇಳೆ ಬೇಯದಿರುವುದನ್ನು ಯಾವ ನಿಯಮದ ಅಡಿಯಲ್ಲಿ ಪರಿಗಣಿಸಲಾಗಿದೆ ಎಂದು ಮೇಲಿನಿಂದ ವಿವರಣೆ ಬಯಸಿ ಪತ್ರ ಬಂತು. ಸಾಹೇಬರು ಉತ್ತರದ ಬದಲು ಎರಡೂ ಬಾವಿಗಳ ಹೊಸ ನೀರನ್ನು ಪರೀಕ್ಷೆಗೆ ಕಳಿಸಿದರು. ವರದಿ ಶಾಂತವ್ವನ ಮಾತನ್ನೇ, ಸ್ವಲ್ಪ ಉದ್ದವಾಗಿ, ಹೇಳಿತು.

ಈಗಿನವರಿಗೆ ನನ್ನದೊಂದೇ ವಿನಂತಿ. ಹಳೆಯ ನಕ್ಷೆ ಸಿಕ್ಕರೆ ಮೊದಲು ಊರುಗಳನ್ನು ನೋಡಬೇಡಿ. ದಾರಿಗಳು ಎಲ್ಲಿ ಹೊರಳುತ್ತವೆ ಎಂದು ನೋಡಿ. ನೆಟ್ಟಗೆ ಹೋಗಬಹುದಾದ ದಾರಿ ಸುಮ್ಮನೆ ಸೊಟ್ಟಗಾಗುವುದಿಲ್ಲ.

ಹಾಳಗೇರಿಯಲ್ಲಿ ಹುಗಿದ ಕಲ್ಲುಗಳನ್ನು ಕಿತ್ತು ದಿನ್ನೆಗೆ ಸಾಗಿಸಲಾಯಿತು. ಹಿನ್ನೀರು ಬರುವ ಮುಂಚೆಯೇ ಹೊಳೆಮಟ್ಟಿಯ ಎಲ್ಲ ಮನೆತನದವರೂ ಅಲ್ಲಿ ಮನೆ ಕಟ್ಟಿಕೊಂಡರು. ಬಸ್ ನಿಲ್ದಾಣಕ್ಕೆ ಅಲ್ಲಿಂದ ಅರ್ಧ ತಾಸಿನ ನಡಿಗೆ.